ಹೆಸರಿಗೆ ಪುರಾವೆ ಯಾವುದು? ಆಫ್ರಿಕಾ ಅಧ್ಯಯನದ ವಿಷಯಶೀರ್ಷಿಕೆಗಳು ಮತ್ತು ಗ್ರಂಥಪಾಲಕರ ಸಹಕಾರ

ಸಾರಾಂಶ

ಒಂದು ಜನಸಮುದಾಯಕ್ಕೆ, ಭಾಷೆಗೆ ಅಥವಾ ಘಟನೆಗೆ ಇರುವ ಹಲವು ಹೆಸರುಗಳಲ್ಲಿ ಒಂದನ್ನು ಗ್ರಂಥಾಲಯದ ವಿಷಯಶೀರ್ಷಿಕೆಯು ಪ್ರಮಾಣವೆಂದು ಆಯ್ದುಕೊಳ್ಳುತ್ತದೆ. ಉಳಿದವು ಆ ಹೆಸರಿನತ್ತ ಕೈತೋರುವ ನಿರ್ದೇಶಗಳಾಗುತ್ತವೆ. ಆಫ್ರಿಕಾಕ್ಕೆ ಸಂಬಂಧಿಸಿದ ಶೀರ್ಷಿಕೆಗಳಲ್ಲಿ ಈ ಆಯ್ಕೆ ಬಹುಕಾಲ ವಸಾಹತುಕಾಲದ ಬರವಣಿಗೆಯನ್ನೇ ಆಧಾರವಾಗಿ ಇರಿಸಿಕೊಂಡಿತ್ತು. ಅದನ್ನು ತಿದ್ದಲು ಗ್ರಂಥಪಾಲಕರು ಸಂಘಟಿತವಾಗಿ ನಡೆಸುತ್ತಿರುವ ಕೆಲಸದಲ್ಲಿ ಪರನಾಮ ಮತ್ತು ಸ್ವನಾಮ, ನಾಮವರ್ಗದ ಪೂರ್ವಪ್ರತ್ಯಯ, ಲಕ್ಷಿತತೆ, ಲಿಪಿಸಂಕೇತ ಮೊದಲಾದ ಭಾಷಾವೈಜ್ಞಾನಿಕ ಪ್ರಶ್ನೆಗಳು ಹೇಗೆ ಎದುರಾಗುತ್ತವೆ ಎಂಬುದನ್ನು ಈ ಲೇಖನ ವಿವರಿಸುತ್ತದೆ. ಯಾವ ಬಳಕೆಯನ್ನು ಪುರಾವೆಯಾಗಿ ಸ್ವೀಕರಿಸಬೇಕು ಎಂಬುದೇ ಈ ತಿದ್ದುಪಡಿಯ ನಿಜವಾದ ತಿರುಳು ಎಂಬುದು ಇಲ್ಲಿನ ವಾದ.

ಕೀಲಿಪದಗಳು: ವಿಷಯಶೀರ್ಷಿಕೆ, ನಿಯಂತ್ರಿತ ಪದಕೋಶ, ಪರನಾಮ, ನಾಮವರ್ಗ, ಬಾಂಟು ಭಾಷೆಗಳು, ಸಾಹಿತ್ಯಾಧಾರ

1. ಪೀಠಿಕೆ

1960ರ ದಶಕದ ಕೊನೆಯಲ್ಲಿ ಸ್ಯಾನ್‌ಫರ್ಡ್ ಬರ್ಮನ್ ಎಂಬ ಅಮೆರಿಕನ್ ಗ್ರಂಥಪಾಲಕರು ಲುಸಾಕಾದಲ್ಲಿರುವ ಜಾಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಜಗತ್ತಿನ ಅಸಂಖ್ಯ ಗ್ರಂಥಾಲಯಗಳಂತೆ ಅಲ್ಲಿಯೂ ಗ್ರಂಥಸೂಚಿಯ ವಿಷಯಶೀರ್ಷಿಕೆಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸಿದ್ಧಪಡಿಸಿದ ಪಟ್ಟಿಯಿಂದ ಬಂದವು. ಆ ಪಟ್ಟಿಯಲ್ಲಿ ‘ಕಾಫಿರ್ಸ್’ ಎಂಬ ಶೀರ್ಷಿಕೆ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಕರಿಯ ಜನರನ್ನು ಹೀಯಾಳಿಸಲು ಬಿಳಿಯರು ಬಳಸುತ್ತಿದ್ದ ಅತ್ಯಂತ ಕಟುವಾದ ಬೈಗುಳ ಅದು. ಜಾಂಬಿಯಾ ಸ್ವತಂತ್ರವಾಗಿ ಕೆಲವೇ ವರ್ಷಗಳಾಗಿದ್ದವು. ಅದರ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ತನ್ನ ನೆರೆಯ ಜನರ ಕುರಿತ ಪುಸ್ತಕವನ್ನು ಹುಡುಕಲು ಆ ಬೈಗುಳದ ಮೂಲಕವೇ ಹಾದುಹೋಗಬೇಕಿತ್ತು. ಈ ಅನುಭವದಿಂದ ಆರಂಭವಾದ ಬರ್ಮನ್ ಅವರ ವಿಮರ್ಶೆ 1971ರಲ್ಲಿ ‘ಪ್ರೆಜುಡಿಸಸ್ ಅಂಡ್ ಆಂಟಿಪಥೀಸ್’ ಎಂಬ ಗ್ರಂಥವಾಗಿ ಪ್ರಕಟವಾಯಿತು. ವಿಷಯಶೀರ್ಷಿಕೆಗಳ ಭಾಷೆಯನ್ನು ನೈತಿಕ ಪ್ರಶ್ನೆಯಾಗಿ ಎತ್ತಿದ ಬರಹಗಳಲ್ಲಿ ಅದು ಇಂದಿಗೂ ಮೊದಲಿಗೆ ನೆನಪಾಗುವ ಕೃತಿ.

ಬರ್ಮನ್ ಅವರದು ಒಬ್ಬ ವ್ಯಕ್ತಿಯ ಪ್ರತಿಭಟನೆ. ಅದರ ನಂತರದ ದಶಕಗಳಲ್ಲಿ ನಡೆದ ಕೆಲಸ ಹೆಚ್ಚು ಮೌನವಾದುದು ಮತ್ತು ಸಾಮೂಹಿಕವಾದುದು. ಆಫ್ರಿಕಾ ಸಂಗ್ರಹಗಳನ್ನು ನೋಡಿಕೊಳ್ಳುವ ಗ್ರಂಥಪಾಲಕರು ಒಟ್ಟಾಗಿ ಒಂದೊಂದೇ ಹೆಸರನ್ನು ಪರಿಶೀಲಿಸಿ, ಹೊಸ ಶೀರ್ಷಿಕೆಗಳನ್ನು ಪ್ರಸ್ತಾಪಿಸಿ, ಹಳೆಯವನ್ನು ತಿದ್ದಿಸುತ್ತ ಬಂದಿದ್ದಾರೆ. ಈ ಕೆಲಸವನ್ನು ಗ್ರಂಥಾಲಯ ವಿಜ್ಞಾನದ ಒಳವಿಷಯವೆಂದು ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆದರೆ ಅಲ್ಲಿ ಚರ್ಚೆಯಾಗುವ ಪ್ರಶ್ನೆಗಳಲ್ಲಿ ಹೆಚ್ಚಿನವು ನಮ್ಮ ಶಾಸ್ತ್ರಕ್ಕೆ ಸೇರಿದವು. ಅಲ್ಲಿನ ತಪ್ಪುಗಳಲ್ಲಿ ಕೆಲವಂತೂ ನಮ್ಮ ಶಾಸ್ತ್ರದಿಂದಲೇ ಹೋದವು.

2. ವಿಷಯಶೀರ್ಷಿಕೆಯ ಭಾಷಿಕ ಸ್ವರೂಪ

ಸಹಜ ಭಾಷೆಯಲ್ಲಿ ಒಂದು ವಸ್ತುವಿಗೆ ಹಲವು ಹೆಸರುಗಳಿರಬಹುದು, ಒಂದೇ ಹೆಸರು ಹಲವು ವಸ್ತುಗಳಿಗೆ ಸಲ್ಲಬಹುದು. ನಿಯಂತ್ರಿತ ಪದಕೋಶವು ಈ ಎರಡು ಸಡಿಲಿಕೆಗಳನ್ನೂ ಬಿಗಿಗೊಳಿಸುತ್ತದೆ. ಸಮಾನಾರ್ಥಕಗಳಲ್ಲಿ ಒಂದನ್ನು ಆರಿಸಿ ಅದನ್ನು ಪ್ರಮಾಣರೂಪವೆಂದು ಘೋಷಿಸುತ್ತದೆ; ಸಮರೂಪಿಗಳನ್ನು ಆವರಣದೊಳಗಿನ ವಿಶೇಷಕದಿಂದ ಬೇರ್ಪಡಿಸುತ್ತದೆ. ಓದುಗ ಯಾವ ಹೆಸರಿನಿಂದ ಹುಡುಕಿದರೂ ಪ್ರಮಾಣರೂಪದತ್ತ ಬರುವಂತೆ ‘ಇಲ್ಲಿ ನೋಡಿ’ ಎಂಬ ನಿರ್ದೇಶಗಳು ಇರುತ್ತವೆ. ಹೀಗೆ ನೋಡಿದರೆ ವಿಷಯಶೀರ್ಷಿಕೆಗಳ ಪಟ್ಟಿಯು ಒಂದು ಬಗೆಯ ನಿಘಂಟು. ವ್ಯತ್ಯಾಸವೆಂದರೆ ನಿಘಂಟಿನಲ್ಲಿ ತಪ್ಪಿದ ಪದ ಒಂದು ಪುಟದಲ್ಲಿ ಉಳಿಯುತ್ತದೆ, ಇಲ್ಲಿ ತಪ್ಪಿದ ಪದ ಸಾವಿರಾರು ಪುಸ್ತಕಗಳ ದಾಖಲೆಗಳಲ್ಲಿ ಮುದ್ರೆಯಂತೆ ಒತ್ತಲ್ಪಡುತ್ತದೆ.

ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಪಟ್ಟಿಯ ಕೆಲಸವನ್ನು 1898ರಲ್ಲಿ ಆರಂಭಿಸಿತು. ಅದರ ಹಿಂದೆ ಎರಡು ತತ್ತ್ವಗಳಿದ್ದವು. ಮೊದಲನೆಯದು ಚಾರ್ಲ್ಸ್ ಅಮ್ಮಿ ಕಟರ್ 1876ರ ತಮ್ಮ ಸೂಚೀನಿಯಮಗಳಲ್ಲಿ ಪ್ರತಿಪಾದಿಸಿದ ಬಳಕೆಯ ತತ್ತ್ವ: ಓದುಗ ಸಮೂಹವು ಸಹಜವಾಗಿ ಯಾವ ಹೆಸರಿನಿಂದ ಹುಡುಕುತ್ತದೆಯೋ ಅದೇ ಶೀರ್ಷಿಕೆಯಾಗಬೇಕು. ಎರಡನೆಯದು ಸಾಹಿತ್ಯಾಧಾರ: ಯಾವ ವಿಷಯದ ಮೇಲೆ ಪ್ರಕಟಿತ ಬರವಣಿಗೆ ಇದೆಯೋ ಅದಕ್ಕೆ ಮಾತ್ರ ಶೀರ್ಷಿಕೆ, ಮತ್ತು ಆ ಬರವಣಿಗೆ ಯಾವ ಹೆಸರನ್ನು ಬಳಸುತ್ತದೆಯೋ ಅದಕ್ಕೆ ಆದ್ಯತೆ. ಎರಡೂ ವಿವರಣಾತ್ಮಕ ಭಾಷಾವಿಜ್ಞಾನಕ್ಕೆ ಪ್ರಿಯವಾಗಬಹುದಾದ ತತ್ತ್ವಗಳೇ. ಅವು ಬಳಕೆಯನ್ನು ಪ್ರಮಾಣವೆಂದು ಒಪ್ಪುತ್ತವೆ. ಆದರೆ ಆಫ್ರಿಕಾದ ವಿಷಯದಲ್ಲಿ ಪ್ರಕಟಿತ ಬರವಣಿಗೆಯ ಬಹುಭಾಗ ಆಡಳಿತಗಾರರು, ಮಿಷನರಿಗಳು, ಪ್ರವಾಸಿಗಳು ಬರೆದದ್ದು. ಆದ್ದರಿಂದ ಬಳಕೆಯ ತತ್ತ್ವವನ್ನು ಪ್ರಾಮಾಣಿಕವಾಗಿ ಪಾಲಿಸಿದ ಸೂಚೀಕಾರನೂ ಅವರ ಬಳಕೆಯನ್ನೇ ದಾಖಲಿಸಿದನು. ತತ್ತ್ವದಲ್ಲಿ ದೋಷವಿರಲಿಲ್ಲ, ದತ್ತಸಾಮಗ್ರಿ ಒಂದೇ ಕಡೆಗೆ ವಾಲಿತ್ತು. ಸುಧಾರಣೆಯ ಕೆಲಸ ಎಲ್ಲಿ ಆರಂಭವಾಗಬೇಕೆಂಬುದನ್ನು ಇದೇ ತಿಳಿಸುತ್ತದೆ.

3. ಪರನಾಮಗಳ ಪದರಗಳು

‘ಕಾಫಿರ್’ ಎಂಬುದು ಅರಬ್ಬಿಯಲ್ಲಿ ‘ನಂಬದವನು’ ಎಂಬ ಅರ್ಥದ ಪದ. ಹಿಂದೂ ಮಹಾಸಾಗರದ ವ್ಯಾಪಾರದ ಹಾದಿಯಲ್ಲಿ ಅದು ಪೋರ್ಚುಗೀಸ್, ಡಚ್, ಇಂಗ್ಲಿಷ್ ಭಾಷೆಗಳಿಗೆ ಹೊಕ್ಕಿತು. ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲಿ ಖೋಸಾ ಜನರಿಗೂ ಅವರ ಭಾಷೆಗೂ ಅದೇ ಹೆಸರಾಯಿತು. ಮತವಾಚಕವೊಂದು ಜನಾಂಗವಾಚಕವಾಗಿ, ಬಳಿಕ ಭಾಷಾವಾಚಕವಾಗಿ, ಕೊನೆಗೆ ಬೈಗುಳವಾಗಿ ಬದಲಾದ ಈ ಕ್ರಮವು ಅರ್ಥಾಪಕರ್ಷಕ್ಕೆ ಒಳ್ಳೆಯ ಉದಾಹರಣೆ. ‘ಹಾಟೆಂಟಾಟ್’ ಎಂಬ ಡಚ್ ಮೂಲದ ಹೆಸರಿಗೆ ಕ್ಲಿಕ್ ಧ್ವನಿಗಳಿರುವ ಮಾತಿನ ಅಣಕವೇ ಮೂಲವೆಂಬ ವಿವರಣೆ ಬಹುಕಾಲದಿಂದ ಪ್ರಚಲಿತ. ಪಟ್ಟಿಯಲ್ಲಿ ಈಗ ಆ ಸ್ಥಾನದಲ್ಲಿ ‘ಖೋಯ್‌ಖೋಯ್’ ಇದೆ. ಇಥಿಯೋಪಿಯದ ‘ಗಾಲ್ಲಾ’ ಎಂಬ ಹೆಸರನ್ನು ಆ ಜನ ತಾವಾಗಿ ಬಳಸಿದ್ದಲ್ಲ. ಅವರ ಸ್ವನಾಮ ‘ಒರೊಮೊ’. ಪಟ್ಟಿಯೂ ಈಗ ಅದನ್ನೇ ಬಳಸುತ್ತದೆ.

ಇಂಥ ಉದಾಹರಣೆಗಳಲ್ಲಿ ತಿದ್ದುಪಡಿ ಸರಳವೆನಿಸುತ್ತದೆ: ಪರನಾಮವನ್ನು ತೆಗೆದು ಸ್ವನಾಮವನ್ನು ಇಡುವುದು. ಆದರೆ ಎಲ್ಲ ಸಂದರ್ಭಗಳೂ ಹೀಗಿಲ್ಲ. ‘ಬುಷ್‌ಮೆನ್’ ಎಂಬುದರ ಬದಲು ಬಂದ ‘ಸಾನ್’ ಎಂಬುದು ಖೋಯ್‌ಖೋಯ್ ಜನರು ತಮ್ಮ ನೆರೆಯ ಬೇಟೆಗಾರ-ಸಂಗ್ರಾಹಕರನ್ನು ಕರೆದ ಹೆಸರು. ಅದರಲ್ಲಿಯೂ ಕೀಳುನೋಟದ ಛಾಯೆ ಇತ್ತು. ಆ ಹೆಸರಿನಡಿ ಬರುವ ಸಮುದಾಯಗಳು ಬೇರೆ ಬೇರೆ ಭಾಷೆಗಳನ್ನಾಡುವವು. ಅವೆಲ್ಲವನ್ನೂ ಒಟ್ಟಾಗಿ ಸೂಚಿಸುವ ಒಂದೇ ಸ್ವನಾಮ ಅವುಗಳ ನಡುವೆ ಇರಲಿಲ್ಲ. ಅಂದರೆ ಇಲ್ಲಿ ವರ್ಗವೇ ಹೊರಗಿನವರ ಸೃಷ್ಟಿ. ಒಂದು ಪರನಾಮದ ಬದಲು ಕಡಿಮೆ ನೋಯಿಸುವ ಇನ್ನೊಂದು ಪರನಾಮವನ್ನು ಇಡುವುದು, ಜೊತೆಗೆ ಪ್ರತಿಯೊಂದು ಸಮುದಾಯಕ್ಕೂ ಪ್ರತ್ಯೇಕ ಶೀರ್ಷಿಕೆ ಕಲ್ಪಿಸುವುದು, ಇವೆರಡೂ ಒಟ್ಟಿಗೆ ನಡೆಯಬೇಕಾಗುತ್ತದೆ.

ಭಾಷಾವಿಜ್ಞಾನಿಗಳು ವಿಶೇಷವಾಗಿ ಗಮನಿಸಬೇಕಾದ ಹೆಸರು ‘ಬಾಂಟು’. ಹಲವು ಬಾಂಟು ಭಾಷೆಗಳಲ್ಲಿ ‘ವ್ಯಕ್ತಿ’ ಎಂಬರ್ಥದ ‘-ನ್‌ಟು’ ಪ್ರಕೃತಿಗೆ ಬಹುವಚನದ ‘ಬಾ-’ ಸೇರಿ ‘ಜನರು’ ಎಂಬರ್ಥದ ರೂಪವಾಗುತ್ತದೆ. ವಿಲ್‌ಹೆಲ್ಮ್ ಬ್ಲೀಕ್ ತಮ್ಮ ತೌಲನಿಕ ವ್ಯಾಕರಣದಲ್ಲಿ (1862) ಅದನ್ನು ಭಾಷಾಕುಟುಂಬದ ಹೆಸರಾಗಿ ನೆಲೆಗೊಳಿಸಿದರು. ಆದರೆ ದಕ್ಷಿಣ ಆಫ್ರಿಕಾದ ವರ್ಣಭೇದ ಸರಕಾರವು ಅದೇ ಪದವನ್ನು ಕರಿಯ ಜನರ ಅಧಿಕೃತ ಹೆಸರಾಗಿಸಿತು. 1953ರ ಬಾಂಟು ಶಿಕ್ಷಣ ಕಾಯಿದೆ ಅದಕ್ಕೆ ಪ್ರಸಿದ್ಧ ನಿದರ್ಶನ. ಹೀಗೆ ಶಾಸ್ತ್ರದ ಪಾರಿಭಾಷಿಕ ಪದವೊಂದು ದಬ್ಬಾಳಿಕೆಯ ಪದವಾಯಿತು. ಪಟ್ಟಿಯಲ್ಲಿ ಈಗಿರುವ ರೂಪ ‘ಬಾಂಟು ಭಾಷೆಗಳನ್ನಾಡುವ ಜನರು’ ಎಂಬರ್ಥದ್ದು. ಪದ ಭಾಷೆಗೆ ಸೇರಿದ್ದು, ಜನರಿಗೆ ಅದು ಭಾಷೆಯ ಮೂಲಕ ಮಾತ್ರ ಅನ್ವಯಿಸುತ್ತದೆ ಎಂಬ ಎಚ್ಚರ ಈ ಸಣ್ಣ ಬದಲಾವಣೆಯಲ್ಲಿದೆ. ಭಾಷಾವರ್ಗೀಕರಣವನ್ನು ಜನಾಂಗ ವರ್ಗೀಕರಣವೆಂದು ಓದುವ ಹಳೆಯ ಪ್ರಮಾದಕ್ಕೆ ಇದು ವ್ಯಾಕರಣದಲ್ಲಿಯೇ ಹಾಕಿದ ತಡೆ.

4. ಪೂರ್ವಪ್ರತ್ಯಯವನ್ನು ಬಿಡಬೇಕೆ, ಇಡಬೇಕೆ

ಬಾಂಟು ಭಾಷೆಗಳಲ್ಲಿ ನಾಮಪದದ ವರ್ಗವನ್ನು ಪೂರ್ವಪ್ರತ್ಯಯ ಸೂಚಿಸುತ್ತದೆ. ಉಗಾಂಡಾದ ಒಂದೇ ಪ್ರಕೃತಿಯಿಂದ ‘ಮುಗಾಂಡಾ’ (ಒಬ್ಬ ವ್ಯಕ್ತಿ), ‘ಬಗಾಂಡಾ’ (ಜನರು), ‘ಲುಗಾಂಡಾ’ (ಭಾಷೆ), ‘ಬುಗಾಂಡಾ’ (ನಾಡು) ಎಂಬ ರೂಪಗಳು ಸಿದ್ಧಿಸುತ್ತವೆ. ಅಕಾರಾದಿ ಸೂಚಿಯಲ್ಲಿ ಇವುಗಳನ್ನು ಹಾಗೆಯೇ ಇಟ್ಟರೆ ಒಂದೇ ಜನರಿಗೆ ಸಂಬಂಧಿಸಿದ ಪುಸ್ತಕಗಳು ಬೇರೆ ಬೇರೆ ಅಕ್ಷರಗಳಲ್ಲಿ ಚದುರುತ್ತವೆ. ಇಂಗ್ಲಿಷಿನ ಆಫ್ರಿಕಾ ಭಾಷಾವಿಜ್ಞಾನದಲ್ಲಿ ಬೆಳೆದುಬಂದ ರೂಢಿಯಂತೆ ಪಟ್ಟಿಯು ಪೂರ್ವಪ್ರತ್ಯಯವನ್ನು ಕೈಬಿಟ್ಟು ‘ಗಾಂಡಾ’ ಎಂಬ ಪ್ರಕೃತಿಯನ್ನೇ ಜನರಿಗೂ ಭಾಷೆಗೂ ಬಳಸುತ್ತದೆ. ಸೂಚೀಕಾರನ ದೃಷ್ಟಿಯಿಂದ ಇದು ಅನುಕೂಲ. ಆದರೆ ಬಗಾಂಡಾ ಜನರ ಬಾಯಲ್ಲಿ ಬರಿಯ ‘ಗಾಂಡಾ’ ಎಂಬ ಪದವಿಲ್ಲ. ಅದು ವ್ಯಾಕರಣಕಾರನ ಮೇಜಿನ ಮೇಲೆ ಮಾತ್ರ ಇರುವ ರೂಪ. ‘ಕನ್ನಡಿಗರು’ ಎಂಬಲ್ಲಿ ಪ್ರತ್ಯಯ ಕಳಚಿದರೂ ‘ಕನ್ನಡ’ ಎಂಬ ಸ್ವತಂತ್ರ ಪದ ಉಳಿಯುತ್ತದೆ, ಇಲ್ಲಿ ಹಾಗಲ್ಲ.

ಈ ರೂಢಿಯನ್ನು ಏಕರೂಪವಾಗಿ ಪಾಲಿಸುವುದೂ ಕಷ್ಟ. ಕೆನ್ಯಾದ ‘ಕಿಕುಯು’ ಎಂಬ ಶೀರ್ಷಿಕೆಯನ್ನು ನೋಡಬಹುದು. ಅದು ಸ್ವಾಹಿಲಿಯ ಮೂಲಕ ಇಂಗ್ಲಿಷಿಗೆ ಬಂದ ರೂಪ. ಆ ಭಾಷೆಯವರೇ ಉಚ್ಚರಿಸುವ ರೂಪ ‘ಗೆಕೊಯೊ’ ಎಂಬುದಕ್ಕೆ ಹತ್ತಿರ. ಡಾಲ್ ನಿಯಮವೆಂದು ಹೆಸರಾದ ಧ್ವನಿವ್ಯತ್ಯಾಸದ ಪ್ರಕಾರ, ಪ್ರಕೃತಿಯ ಮೊದಲ ವ್ಯಂಜನ ಅಘೋಷವಾಗಿದ್ದರೆ ಅದರ ಹಿಂದಿನ ಪೂರ್ವಪ್ರತ್ಯಯದ ಕಕಾರವು ಘೋಷವಾಗುತ್ತದೆ. ಆದ್ದರಿಂದಲೇ ಅಲ್ಲಿ ಗಕಾರ. ಶೀರ್ಷಿಕೆಯಲ್ಲಿರುವ ರೂಪ ಆ ಭಾಷೆಯ ಧ್ವನಿನಿಯಮವನ್ನೇ ಅಳಿಸಿದೆ. ಪೂರ್ವಪ್ರತ್ಯಯ ಬಿಡುವ ರೂಢಿಯೂ ಇಲ್ಲಿ ಪಾಲನೆಯಾಗಿಲ್ಲ, ಸ್ವನಾಮವೂ ಉಳಿದಿಲ್ಲ.

ದಕ್ಷಿಣ ಆಫ್ರಿಕಾದ 1996ರ ಸಂವಿಧಾನವು ಈ ಚರ್ಚೆಗೆ ಹೊಸ ಪುರಾವೆಯನ್ನು ಒದಗಿಸಿತು. ಅದರ ಇಂಗ್ಲಿಷ್ ಪಠ್ಯವೇ ಅಧಿಕೃತ ಭಾಷೆಗಳನ್ನು ಇಸಿಜುಲು, ಇಸಿಖೋಸಾ, ಸೆಸೊಥೊ, ಸೆಟ್ಸ್‌ವಾನಾ ಎಂದು ಪೂರ್ವಪ್ರತ್ಯಯ ಸಹಿತ ಹೆಸರಿಸುತ್ತದೆ. ಇಂಗ್ಲಿಷಿನಲ್ಲಿ ‘ಜುಲು’ ಎಂಬುದೇ ರೂಢಿಯ ರೂಪವೆಂಬ ವಾದ ಇದರ ನಂತರ ಮೊದಲಿನಷ್ಟು ನಿರ್ವಿವಾದವಾಗಿ ಉಳಿಯಲಿಲ್ಲ. ಹಾಗೆಂದು ರಾಜ್ಯದ ಮುದ್ರೆಯೇ ಕೊನೆಯ ಮಾತೂ ಅಲ್ಲ. 1993ರ ಮಧ್ಯಂತರ ಸಂವಿಧಾನದಲ್ಲಿ ‘ಸೆಸೊಥೊ ಸ ಲೆಬೊವಾ’ ಎಂದಿದ್ದ ಭಾಷೆಯನ್ನು 1996ರ ಸಂವಿಧಾನ ‘ಸೆಪೆಡಿ’ ಎಂದು ಕರೆಯಿತು. ಒಂದು ಉಪಭಾಷೆಯ ಹೆಸರನ್ನು ಇಡೀ ಭಾಷೆಗೆ ಹಚ್ಚಲಾಗಿದೆ ಎಂಬ ಆಕ್ಷೇಪ ಇಂದಿಗೂ ಇದೆ. ಪಟ್ಟಿಯಲ್ಲಿರುವ ‘ಉತ್ತರ ಸೊಥೊ’ ಎಂಬ ಭಾಷಾವಿಜ್ಞಾನದ ಹೆಸರು ಈ ಎರಡಕ್ಕಿಂತ ಬೇರೆ. ಮೂರರಲ್ಲಿ ಒಂದನ್ನು ಆರಿಸುವ ಗ್ರಂಥಪಾಲಕನು, ಇಷ್ಟವಿರಲಿ ಇಲ್ಲದಿರಲಿ, ಭಾಷಾರಾಜಕಾರಣದ ಒಂದು ಪಕ್ಷದ ಪರವಾಗಿ ಸಾಕ್ಷಿ ಹೇಳಿದಂತಾಗುತ್ತದೆ.

ಪೂರ್ವಪ್ರತ್ಯಯ ಕೇವಲ ರೂಪದ ಸಂಗತಿಯಲ್ಲ ಎಂಬುದಕ್ಕೆ ಬೋಟ್ಸ್‌ವಾನಾದ ಒಂದು ನಿದರ್ಶನ ಸಾಕು. ಸೆಟ್ಸ್‌ವಾನಾ ಭಾಷೆಯಲ್ಲಿ ಸಾನ್ ಜನರನ್ನು ಮೊದಲು ‘ಮಸಾರ್ವಾ’ ಎನ್ನುತ್ತಿದ್ದರು. ಈಗಿನ ಗೌರವದ ರೂಪ ‘ಬಸಾರ್ವಾ’. ‘ಬಾ-’ ಎಂಬುದು ಮನುಷ್ಯವಾಚಕ ಬಹುವಚನದ ವರ್ಗ. ‘ಮಾ-’ ವರ್ಗದಲ್ಲಿ ಹಲವು ಬಗೆಯ ನಾಮಗಳಿದ್ದು, ಜನರಿಗೆ ಬಳಸಿದಾಗ ಅದು ಹೊರಗಿನವರೆಂಬ, ಕೀಳೆಂಬ ಧ್ವನಿಯನ್ನು ಕೊಡುತ್ತದೆ. ಕನ್ನಡದಲ್ಲಿ ಜನರನ್ನು ‘ಅವರು’ ಎನ್ನುವ ಬದಲು ‘ಅವು’ ಎಂದಂತೆ. ಪೂರ್ವಪ್ರತ್ಯಯವನ್ನು ಕಳಚಿ ‘ಸಾರ್ವಾ’ ಎಂದು ಬರೆದರೆ ಅವಮಾನವೂ ಮಾಯವಾಗುತ್ತದೆ, ಅದನ್ನು ಮೀರಿ ಗಳಿಸಿದ ಗೌರವವೂ ಮಾಯವಾಗುತ್ತದೆ. ಇಂಥ ಹೆಸರುಗಳಲ್ಲಿ ಪೂರ್ಣರೂಪಗಳೆರಡನ್ನೂ ನಿರ್ದೇಶಗಳಾಗಿ ದಾಖಲಿಸಿದರೆ ಮಾತ್ರ ಈ ಇತಿಹಾಸ ಸೂಚಿಯಲ್ಲಿ ಉಳಿಯುತ್ತದೆ.

5. ವಿಶೇಷಕ ಮತ್ತು ಲಕ್ಷಿತತೆ

ಪಟ್ಟಿಯಲ್ಲಿ ಆಫ್ರಿಕಾದ ಜನಸಮುದಾಯಗಳ ಸಾಮಾನ್ಯ ರೂಪ ಹೀಗಿದೆ: ‘ಯೊರೂಬಾ (ಆಫ್ರಿಕನ್ ಪೀಪಲ್)’, ‘ಜುಲು (ಆಫ್ರಿಕನ್ ಪೀಪಲ್)’. ಹೆಸರು ವಿಭಕ್ತಿ-ವಚನಗಳಿಲ್ಲದ ಪ್ರಕೃತಿರೂಪದಲ್ಲಿದೆ. ಅದರ ಬಳಿ ಖಂಡವನ್ನು ಸೂಚಿಸುವ ವಿಶೇಷಕವಿದೆ. ಸಮರೂಪಿಗಳನ್ನು ಬೇರ್ಪಡಿಸಲು ಇದು ಉಪಯುಕ್ತ. ಹಿಂದಿನ ಸೂಚಿಗಳಲ್ಲಿದ್ದ ‘ಬುಡಕಟ್ಟು’ ಎಂಬ ಪದಕ್ಕಿಂತ ಖಂಡಿತ ಉತ್ತಮ. ಆದರೆ ಅದೇ ದಕ್ಷಿಣ ಆಫ್ರಿಕಾದ ಇನ್ನೊಂದು ಸಮುದಾಯದ ಶೀರ್ಷಿಕೆ ‘ಆಫ್ರಿಕಾನರ್ಸ್’. ಅದಕ್ಕೆ ಇಂಗ್ಲಿಷಿನ ಬಹುವಚನ ಪ್ರತ್ಯಯವಿದೆ, ವಿಶೇಷಕವಿಲ್ಲ. ಜರ್ಮನರಿಗೂ ಇಲ್ಲ. ಒಂದು ವರ್ಗದ ಹೆಸರುಗಳು ಇಂಗ್ಲಿಷಿನ ವ್ಯಾಕರಣದೊಳಗೆ ಸೇರಿವೆ, ಇನ್ನೊಂದು ವರ್ಗದವು ಹೊರಗಿನ ವಸ್ತುವಿಗೆ ಚೀಟಿ ಅಂಟಿಸಿದಂತಿವೆ.

ಇದನ್ನು ಯಾರೂ ದುರುದ್ದೇಶದಿಂದ ರೂಪಿಸಿದ್ದಲ್ಲ. ಪರಿಚಿತವಾದುದು ಅಲಕ್ಷಿತವಾಗಿಯೂ ಅಪರಿಚಿತವಾದುದು ಲಕ್ಷಿತವಾಗಿಯೂ ಕಾಣಿಸಿಕೊಳ್ಳುವುದು ಭಾಷೆಯ ಸಾಮಾನ್ಯ ಪ್ರವೃತ್ತಿ. ಆದರೆ ಲಾಗೋಸಿನ ಅಥವಾ ಡರ್ಬನ್ನಿನ ಓದುಗನಿಗೆ ಯೊರೂಬಾ, ಜುಲು ಎಂಬ ಹೆಸರುಗಳು ಯಾವ ಖಂಡಕ್ಕೆ ಸೇರಿದವು ಎಂಬ ಸಂದೇಹವೇ ಬರುವುದಿಲ್ಲ. ಕಟರ್ ಹೇಳಿದ ‘ಓದುಗ ಸಮೂಹ’ ಯಾರು ಎಂಬ ಪ್ರಶ್ನೆಗೆ ಪಟ್ಟಿ ಕೊಡುವ ಉತ್ತರ ಈ ವಿಶೇಷಕದಲ್ಲಿ ಅಡಗಿದೆ.

6. ಅಕ್ಷರ ಮತ್ತು ಸಂಕೇತ

ಹೆಸರನ್ನು ಸರಿಯಾಗಿ ಆರಿಸಿದ ಮೇಲೂ ಅದನ್ನು ಬರೆಯುವ ಸಮಸ್ಯೆ ಉಳಿಯುತ್ತದೆ. ಗ್ರಂಥಾಲಯಗಳ ಯಂತ್ರಪಠ್ಯ ದಾಖಲೆಗಳಿಗೆ ರೂಪುಗೊಂಡ ಮಾರ್ಕ್-8 ಅಕ್ಷರಸಂಕೇತವು ಯುರೋಪಿನ ಭಾಷೆಗಳ ಚಿಹ್ನೆಗಳನ್ನು ವಿವರವಾಗಿ ಒಳಗೊಂಡಿತ್ತು. ಆದರೆ ಹಲವು ಪಶ್ಚಿಮ ಆಫ್ರಿಕನ್ ಭಾಷೆಗಳ ಬರವಣಿಗೆಗೆ ಅಗತ್ಯವಾದ ವಿವೃತ ಎಕಾರ, ವಿವೃತ ಒಕಾರ, ಙಕಾರಗಳ ಅಕ್ಷರಗಳು ಅದರಲ್ಲಿರಲಿಲ್ಲ. ಹೌಸಾ ಭಾಷೆಯ ಅಂತಃಸ್ಫೋಟಕ ವ್ಯಂಜನಗಳ ಕೊಂಡಿಯುಳ್ಳ ಅಕ್ಷರಗಳೂ ಇರಲಿಲ್ಲ. ಹೀಗಾಗಿ ಅರ್ಥಭೇದಕವಾದ ಧ್ವನಿಮಾಗಳು ಸೂಚಿಯಲ್ಲಿ ಬೆರೆತುಹೋದವು. ಕ್ಲಿಕ್ ಧ್ವನಿಗಳ ಸ್ಥಿತಿ ಇನ್ನೂ ಕಷ್ಟ. ದಂತ್ಯ, ಪಾರ್ಶ್ವಿಕ, ವರ್ತ್ಸ್ಯ, ತಾಲವ್ಯ ಕ್ಲಿಕ್‌ಗಳು ಆ ಭಾಷೆಗಳಲ್ಲಿ ಪೂರ್ಣ ವ್ಯಂಜನಗಳು. ಅವುಗಳ ಲಿಪಿಚಿಹ್ನೆಗಳು ಮಾತ್ರ ಆಶ್ಚರ್ಯಸೂಚಕ, ಓರೆಗೆರೆಗಳಂತೆ ಕಾಣುತ್ತವೆ. ಹೆಸರುಗಳನ್ನು ಹೋಲಿಸುವಾಗ ವಿರಾಮಚಿಹ್ನೆಗಳನ್ನು ಕೈಬಿಡುವುದು ಗಣಕದ ನಿಯಮ. ಆಶ್ಚರ್ಯಸೂಚಕದಿಂದ ಆರಂಭವಾಗುವ ‘ಕುಂಗ್’ ಎಂಬ ಸಮುದಾಯದ ಹೆಸರು ಹೀಗೆ ತನ್ನ ಮೊದಲ ವ್ಯಂಜನವನ್ನು ಕಳೆದುಕೊಂಡು ಚೀನೀ ಮನೆತನದ ಹೆಸರೊಂದಕ್ಕೆ ಸಮರೂಪಿಯಾಗುತ್ತದೆ.

ಭಾಷಾಸಂಕೇತಗಳ ಕಥೆಯೂ ಇಂಥದೇ. ಗ್ರಂಥಾಲಯಗಳು ಬಳಸುವ ಮೂರಕ್ಷರದ ಸಂಕೇತಪಟ್ಟಿಯಲ್ಲಿ ಪ್ರಕಟಿತ ಸಾಹಿತ್ಯ ಹೆಚ್ಚಾಗಿರುವ ಭಾಷೆಗಳಿಗೆ ಸ್ವಂತ ಸಂಕೇತವಿದೆ. ಉಳಿದವು ‘ಬಾಂಟು (ಇತರ)’, ‘ನೈಲೊ-ಸಹಾರನ್ (ಇತರ)’, ‘ಖೋಯ್‌ಸಾನ್ (ಇತರ)’ ಮುಂತಾದ ಸಾಮೂಹಿಕ ಸಂಕೇತಗಳಡಿ ಸೇರುತ್ತವೆ. ಈ ವಿಭಾಗಗಳ ಹಿಂದೆ ಜೋಸೆಫ್ ಗ್ರೀನ್‌ಬರ್ಗ್ ಅವರ 1963ರ ವರ್ಗೀಕರಣದ ನೆರಳಿದೆ. ಖೋಯ್‌ಸಾನ್ ಒಂದೇ ಕುಟುಂಬವೆಂಬುದನ್ನು ಇಂದು ಬಹುತೇಕ ತಜ್ಞರು ಒಪ್ಪುವುದಿಲ್ಲ; ಸಂಕೇತ ಮಾತ್ರ ಹಾಗೆಯೇ ಇದೆ. 2007ರಲ್ಲಿ ಪ್ರಕಟವಾದ ಐಎಸ್‌ಒ 639-3 ಏಳು ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಪ್ರತ್ಯೇಕ ಸಂಕೇತ ಕೊಟ್ಟಿತು, ಮತ್ತು ಮಾರ್ಕ್ ದಾಖಲೆಯಲ್ಲಿ ಅದನ್ನು ಹೆಚ್ಚುವರಿಯಾಗಿ ನಮೂದಿಸಲು ಅವಕಾಶವಿದೆ. ಆದರೆ ಯಾವ ಪುಸ್ತಕ ಯಾವ ಭಾಷೆಯಲ್ಲಿದೆ ಎಂದು ಗುರುತಿಸಬಲ್ಲವರು ಆ ಪುಸ್ತಕವನ್ನು ತೆರೆದು ನೋಡಬೇಕು. ‘ಇತರ’ ಎಂಬ ಗೂಡಿನಲ್ಲಿ ಬಿದ್ದ ಪುಸ್ತಕವು ಅದನ್ನು ಹುಡುಕುವ ಸಂಶೋಧಕನಿಗೆ ಇಲ್ಲದಂತೆಯೇ.

7. ಸಹಕಾರದ ವಿಧಾನ

ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಪಟ್ಟಿಗೆ ಹೊರಗಿನ ಗ್ರಂಥಾಲಯಗಳಿಂದ ಪ್ರಸ್ತಾಪಗಳನ್ನು ಸ್ವೀಕರಿಸುತ್ತದೆ. ಇದಕ್ಕಾಗಿ ಇರುವ ಸಹಕಾರ ವ್ಯವಸ್ಥೆಯ ಹೆಸರು ಸಾಕೊ. ಅದರೊಳಗೆ ಒಂದು ವಿಷಯದ ತಜ್ಞ ಗ್ರಂಥಪಾಲಕರು ಗುಂಪಾಗಿ ಕೆಲಸ ಮಾಡುವ ಏರ್ಪಾಡಿಗೆ ‘ಫನೆಲ್’, ಅಂದರೆ ಲಾಳಿಕೆ, ಎಂದು ಹೆಸರು: ಹಲವು ಕಡೆಗಳಿಂದ ಬಂದ ಪ್ರಸ್ತಾಪಗಳು ಒಂದು ಸಂಚಾಲಕರ ಮೂಲಕ ಸಾಗುತ್ತವೆ. ಅಮೆರಿಕದ ಆಫ್ರಿಕನ್ ಸ್ಟಡೀಸ್ ಅಸೋಸಿಯೇಷನ್ 1957ರಲ್ಲಿ ಸ್ಥಾಪನೆಯಾಯಿತು. ಅದರೊಂದಿಗೆ ಗುರುತಿಸಿಕೊಂಡಿರುವ ಆಫ್ರಿಕಾನಾ ಲೈಬ್ರೇರಿಯನ್ಸ್ ಕೌನ್ಸಿಲ್ಲಿನ ಗ್ರಂಥಪಾಲಕರ ವಲಯದಿಂದ ಆಫ್ರಿಕಾನಾ ಸಬ್ಜೆಕ್ಟ್ ಫನೆಲ್ ರೂಪುಗೊಂಡಿತು. ಆಫ್ರಿಕಾ ಪುಸ್ತಕಗಳ ದೊಡ್ಡ ಸಂಗ್ರಹವಿರುವ ವಿಶ್ವವಿದ್ಯಾಲಯಗಳ ಸೂಚೀಕಾರರು ಇದರಲ್ಲಿ ಪಾಲ್ಗೊಳ್ಳುತ್ತಾರೆ.

ಪ್ರಸ್ತಾಪವೊಂದರ ಹಾದಿ ಹೀಗಿರುತ್ತದೆ. ಸೂಚೀಕಾರನ ಕೈಗೆ ಬಂದ ಪುಸ್ತಕದ ವಿಷಯಕ್ಕೆ ಪಟ್ಟಿಯಲ್ಲಿ ಶೀರ್ಷಿಕೆಯಿಲ್ಲ, ಅಥವಾ ಇರುವ ಶೀರ್ಷಿಕೆ ತಪ್ಪಾಗಿದೆ. ಆತ ಪ್ರಮಾಣ ದಾಖಲೆಯ ಕರಡನ್ನು ಸಿದ್ಧಪಡಿಸುತ್ತಾನೆ: ಪ್ರಸ್ತಾಪಿತ ರೂಪ, ಇತರ ಹೆಸರುಗಳಿಂದ ನಿರ್ದೇಶಗಳು, ವಿಶಾಲತರ ಶೀರ್ಷಿಕೆಗಳೊಂದಿಗಿನ ಸಂಬಂಧ. ಇವುಗಳ ಕೆಳಗೆ ದಾಖಲೆಯ ಮುಖ್ಯ ಭಾಗವಿರುತ್ತದೆ. 670 ಎಂಬ ಸಂಖ್ಯೆಯ ಕ್ಷೇತ್ರದಲ್ಲಿ ಹೆಸರು ಸಿಕ್ಕಿದ ಆಕರಗಳನ್ನೂ ಅವುಗಳಲ್ಲಿ ಅದು ಕಂಡ ರೂಪವನ್ನೂ, 675ರಲ್ಲಿ ಹುಡುಕಿಯೂ ಸಿಗದ ಆಕರಗಳನ್ನೂ ಬರೆಯಬೇಕು. ಸಂಚಾಲಕರು ಮತ್ತು ಇತರ ಸದಸ್ಯರು ಅದನ್ನು ತಿದ್ದಿದ ಮೇಲೆ ಪ್ರಸ್ತಾಪ ವಾಷಿಂಗ್ಟನ್ನಿಗೆ ಹೋಗುತ್ತದೆ; ಕರಡುಪಟ್ಟಿಯಲ್ಲಿ ಪ್ರಕಟವಾಗಿ, ಪರಿಶೀಲನೆಗೊಳಗಾಗಿ, ಅಂಗೀಕಾರವಾಗುತ್ತದೆ ಅಥವಾ ಹಿಂದಿರುಗುತ್ತದೆ.

ಗುಂಪು ಏಕೆ ಬೇಕು ಎಂಬುದು ಈ 670ನೇ ಕ್ಷೇತ್ರದಲ್ಲಿ ಸ್ಪಷ್ಟವಾಗುತ್ತದೆ. ಜಾರ್ಜ್ ಪೀಟರ್ ಮರ್ಡಾಕ್ ಅವರ 1959ರ ಆಫ್ರಿಕಾ ಜನಾಂಗಗಳ ಗ್ರಂಥ, ‘ಎಥ್ನೊಲಾಗ್’, ವಿಶ್ವಕೋಶಗಳು ಮುಂತಾದ ಪರಾಮರ್ಶನ ಗ್ರಂಥಗಳು ಎಲ್ಲರಿಗೂ ಸುಲಭವಾಗಿ ಸಿಗುತ್ತವೆ; ಆದರೆ ಅವು ಒಂದರಿಂದ ಇನ್ನೊಂದು ಎರವಲು ಪಡೆದ ರೂಪಗಳನ್ನೇ ಪುನರಾವರ್ತಿಸುವುದುಂಟು. ನಾಲ್ಕು ಆಕರಗಳು ಒಂದೇ ಹೆಸರನ್ನು ಹೇಳಿದಾಗ ಅವು ನಾಲ್ಕು ಸಾಕ್ಷ್ಯಗಳೋ, ಒಂದೇ ಸಾಕ್ಷ್ಯದ ನಾಲ್ಕು ಪ್ರತಿಗಳೋ ಎಂದು ತಿಳಿಯುವುದು ಪಾಠಸಂಪಾದನೆಯ ಪ್ರಶ್ನೆಯಂತೆಯೇ. ಅಕ್ರಾದಲ್ಲಿ ಅಚ್ಚಾದ ಶಾಲಾಪುಸ್ತಕ, ಕಂಪಾಲಾದ ಒಂದು ಸ್ನಾತಕೋತ್ತರ ಪ್ರಬಂಧ, ಸಮುದಾಯದವರೇ ಪ್ರಕಟಿಸಿದ ಚರಿತ್ರೆ, ಹೀಗೆ ಸ್ವತಂತ್ರ ಸಾಕ್ಷ್ಯಗಳು ಚದುರಿದ ಸಂಗ್ರಹಗಳಲ್ಲಿರುತ್ತವೆ. ಒಬ್ಬರಲ್ಲಿ ಹೌಸಾ ಬಲ್ಲವರು, ಇನ್ನೊಬ್ಬರಲ್ಲಿ ಅಮ್ಹಾರಿಕ್ ಬಲ್ಲವರು ಇರುತ್ತಾರೆ. ಲೈಬ್ರರಿ ಆಫ್ ಕಾಂಗ್ರೆಸ್ 1966ರಲ್ಲಿ ನೈರೋಬಿಯಲ್ಲಿ ತೆರೆದ ಕಚೇರಿಯೂ ಪೂರ್ವ ಆಫ್ರಿಕಾದ ಪ್ರಕಟಣೆಗಳನ್ನು ಸಂಗ್ರಹಿಸಿ ಈ ಸಾಕ್ಷ್ಯಗಳ ವ್ಯಾಪ್ತಿಯನ್ನು ಹಿಗ್ಗಿಸಿದೆ. ಸಾಹಿತ್ಯಾಧಾರದ ತತ್ತ್ವ ಹಾಗೆಯೇ ಉಳಿದಿದೆ. ‘ಸಾಹಿತ್ಯ’ ಎಂಬುದರೊಳಗೆ ಏನೆಲ್ಲ ಬರುತ್ತದೆ ಎಂಬುದನ್ನು ಸಹಕಾರವು ನಿಧಾನವಾಗಿ ಬದಲಿಸಿದೆ.

ಆದರೆ ಒಂದು ಅಸಮತೋಲ ಉಳಿದಿದೆ. ಪ್ರಸ್ತಾಪಿಸುವ ಗ್ರಂಥಾಲಯಗಳಲ್ಲಿ ಹೆಚ್ಚಿನವು ಉತ್ತರ ಅಮೆರಿಕದವು. ಪಟ್ಟಿಯನ್ನು ಬಳಸುವ ಆಫ್ರಿಕಾದ ಗ್ರಂಥಾಲಯಗಳು ಬಹುಮಟ್ಟಿಗೆ ಸಿದ್ಧ ದಾಖಲೆಗಳನ್ನು ನಕಲಿಸಿಕೊಳ್ಳುತ್ತವೆ. ಪ್ರಸ್ತಾಪದ ವಿಧಾನ ಇಂಗ್ಲಿಷಿನಲ್ಲಿದೆ, ತರಬೇತಿ ಬೇಡುತ್ತದೆ, ಸಮಯ ಬೇಡುತ್ತದೆ. ಹೆಸರನ್ನು ಹೊತ್ತವರು ತಮ್ಮ ಹೆಸರಿನ ನಿರ್ಣಯದಲ್ಲಿ ನೇರವಾಗಿ ಪಾಲ್ಗೊಳ್ಳುವ ಸ್ಥಿತಿ ಇನ್ನೂ ದೂರವಿದೆ.

8. ಘಟನೆಗಳ ಹೆಸರು, ಹಳೆಯ ಹೆಸರಿನ ಗತಿ

ಜನರ ಹೆಸರಿಗಿಂತ ಘಟನೆಗಳ ಹೆಸರು ಕೆಲವೊಮ್ಮೆ ಹೆಚ್ಚು ವಿವಾದಾಸ್ಪದ. ಕೆನ್ಯಾದ ವಸಾಹತುವಿರೋಧಿ ಹೋರಾಟದ ಶೀರ್ಷಿಕೆಯಲ್ಲಿ ‘ಮೌ ಮೌ ಎಮರ್ಜೆನ್ಸಿ, 1952-1960’ ಎಂಬ ಪದಗಳಿವೆ. ‘ಎಮರ್ಜೆನ್ಸಿ’ ಎಂಬುದು ಬ್ರಿಟಿಷ್ ಆಡಳಿತವು ಘೋಷಿಸಿದ ಕಾನೂನುಸ್ಥಿತಿಯ ಹೆಸರು. ಅದು ಹೋರಾಟವನ್ನು ಕರ್ತೃವಿಲ್ಲದ ಒಂದು ಸ್ಥಿತಿಯಾಗಿ ಪರಿವರ್ತಿಸುತ್ತದೆ. ಇದು ನಮಗೆ ಅಪರಿಚಿತವಲ್ಲ. 1857ರ ಹೋರಾಟಕ್ಕೆ ಇದೇ ಪಟ್ಟಿಯಲ್ಲಿರುವ ಹೆಸರು ‘ಸಿಪಾಯ್ ರೆಬೆಲಿಯನ್’. ದಂಗೆ, ಬಂಡಾಯ, ಸಂಗ್ರಾಮ ಎಂಬ ನಾಮಪದಗಳಲ್ಲಿ ಯಾವುದನ್ನು ಆರಿಸಿದರೂ ಅದು ಯಾರದೋ ದೃಷ್ಟಿಕೋನದ ಕ್ರಿಯಾಪದವನ್ನು ಒಳಗಿಟ್ಟುಕೊಂಡೇ ಬರುತ್ತದೆ.

ಶೀರ್ಷಿಕೆ ಬದಲಾದಾಗ ಹಳೆಯ ಹೆಸರು ಏನಾಗಬೇಕು ಎಂಬುದು ಮುಂದಿನ ಪ್ರಶ್ನೆ. ರೂಢಿಯಂತೆ ಅದನ್ನು ‘ಹಿಂದಿನ ಪ್ರಮಾಣರೂಪ’ ಎಂಬ ಸಂಕೇತದೊಂದಿಗೆ ನಿರ್ದೇಶವಾಗಿ ಉಳಿಸಲಾಗುತ್ತದೆ. ಇತಿಹಾಸಕಾರನಿಗೆ ಇದು ಬೇಕು: ಹತ್ತೊಂಬತ್ತನೆಯ ಶತಮಾನದ ಪುಸ್ತಕಗಳ ಶೀರ್ಷಿಕೆಗಳಲ್ಲಿ ಆ ಪದಗಳೇ ಇವೆ, ಅವುಗಳಿಂದ ಹುಡುಕುವವನು ಹೊಸ ಹೆಸರಿನ ಬಳಿಗೆ ಬರಬೇಕು. ಆದರೆ ಆ ನಿರ್ದೇಶ ಪರದೆಯ ಮೇಲೆ ಕಾಣಿಸಿಕೊಂಡರೆ ಬೈಗುಳ ಮತ್ತೆ ಎದುರಾಗುತ್ತದೆ. ಹುಡುಕಾಟದಲ್ಲಿ ಕೆಲಸ ಮಾಡುವಂತೆ, ಪ್ರದರ್ಶನದಲ್ಲಿ ಮರೆಯಾಗುವಂತೆ ಅದನ್ನು ಇಡುವುದು ತಾಂತ್ರಿಕವಾಗಿ ಸಾಧ್ಯ. ನಿಘಂಟುಕಾರನು ‘ನಿಂದಾರ್ಥಕ’ ಎಂಬ ಟಿಪ್ಪಣಿಯಿಂದ ಮಾಡುವ ಕೆಲಸವನ್ನು ಸೂಚಿಯು ಇಂಥ ವ್ಯವಸ್ಥೆಯಿಂದ ಮಾಡಬೇಕಾಗುತ್ತದೆ. ಅಳಿಸಿಹಾಕುವುದು ಪರಿಹಾರವಲ್ಲ, ಅಳಿಸಿದರೆ ಅವಮಾನದ ದಾಖಲೆಯೂ ಅಳಿಯುತ್ತದೆ.

9. ಉಪಸಂಹಾರ: ನಮ್ಮ ಪಾಲಿನ ಕೆಲಸ

ಕನ್ನಡದ ಓದುಗರಿಗೆ ಪರನಾಮದ ತೊಡಕು ಪುಸ್ತಕದ ಸಂಗತಿಯಲ್ಲ. ಕಾಲ್ಡ್‌ವೆಲ್ 1856ರಲ್ಲಿ ನಮ್ಮ ಭಾಷೆಯನ್ನು ‘ಕ್ಯಾನರೀಸ್’ ಎಂದರು. ಕಿಟೆಲ್ 1894ರ ನಿಘಂಟಿನಲ್ಲಿ ‘ಕನ್ನಡ’ ಎಂದರು. ಅದಕ್ಕೂ ಹಿಂದೆ, 1640ರಲ್ಲಿ ರಾಚೋಲದಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸ್ ಅವರ ‘ಕಾನಾರಿಂ’ ಭಾಷೆಯ ವ್ಯಾಕರಣವು ವಾಸ್ತವದಲ್ಲಿ ಕೊಂಕಣಿಯ ವ್ಯಾಕರಣ. ಹೆಸರನ್ನು ನಂಬಿ ವರ್ಗೀಕರಿಸಿದ ಸೂಚೀಕಾರ ಆ ಗ್ರಂಥವನ್ನು ತಪ್ಪು ಗೂಡಿನಲ್ಲಿ ಇಟ್ಟಾನು. ಗ್ರಂಥವನ್ನು ತೆರೆದು ಓದಬಲ್ಲವನು ಮಾತ್ರ ಸರಿಯಾದ ಗೂಡನ್ನು ಹುಡುಕಿಯಾನು. ಉತ್ತರ ಕನ್ನಡದ ಸಿದ್ದಿಯರ ಕುರಿತ ಪುಸ್ತಕಗಳೂ ಇಂಥ ಗಡಿಯಲ್ಲಿ ನಿಲ್ಲುತ್ತವೆ. ಆಫ್ರಿಕಾದ ಮೂಲ, ಕನ್ನಡ-ಕೊಂಕಣಿಗಳ ನಡುವಿನ ಬದುಕು, ಈ ಎರಡನ್ನೂ ಹೇಳಬಲ್ಲ ಖಂಡಸೂಚಕ ವಿಶೇಷಕ ಯಾವುದೂ ಇಲ್ಲ.

ಆಫ್ರಿಕಾ ಗ್ರಂಥಪಾಲಕರ ಸಹಕಾರದಿಂದ ನಾವು ಕಲಿಯಬೇಕಾದದ್ದು ಇದು: ಹೆಸರಿನ ಸುಧಾರಣೆ ಒಳ್ಳೆಯ ಮನಸ್ಸಿನಿಂದ ಮಾತ್ರ ಆಗುವುದಿಲ್ಲ, ಪುರಾವೆಯಿಂದ ಆಗುತ್ತದೆ. ಆ ಪುರಾವೆಯನ್ನು ಒದಗಿಸಬಲ್ಲವರು ಕ್ಷೇತ್ರಕಾರ್ಯ ಮಾಡುವ ಭಾಷಾವಿಜ್ಞಾನಿಗಳು. ವ್ಯಾಕರಣವೊಂದರ ಮೊದಲ ಅಧ್ಯಾಯದಲ್ಲಿ ಭಾಷಿಕರು ತಮ್ಮನ್ನೂ ತಮ್ಮ ಭಾಷೆಯನ್ನೂ ಏನೆಂದು ಕರೆಯುತ್ತಾರೆ, ನೆರೆಯವರು ಏನೆನ್ನುತ್ತಾರೆ, ಆ ಹೆಸರುಗಳ ರಚನೆ ಯಾವುದು, ಯಾವ ಹೆಸರು ನೋಯಿಸುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಸ್ಪಷ್ಟವಾಗಿ ಬರೆದರೆ ಅವು ಸೂಚೀಕಾರನಿಗೆ 670ನೇ ಕ್ಷೇತ್ರದಲ್ಲಿ ಉಲ್ಲೇಖಿಸಬಹುದಾದ ಸಾಕ್ಷ್ಯಗಳಾಗುತ್ತವೆ. ಇದಕ್ಕೆ ಒಂದು ಪುಟ ಸಾಕು. ಆ ಪುಟವನ್ನು ಬರೆಯದೆ ಬಿಟ್ಟರೆ, ಪರಾಮರ್ಶನ ಗ್ರಂಥದಲ್ಲಿರುವ ಹಳೆಯ ಹೆಸರೇ ಇನ್ನೊಂದು ತಲೆಮಾರಿನ ಪುಸ್ತಕಗಳ ಮೇಲೂ ಮುದ್ರೆಯಾಗುತ್ತದೆ.